ಏಳನೆಯ ಬಾಗಿಲು

ಆಗ ನನ್ನ ಚೀಲದಲ್ಲಿ ಯಾವಾಗಲೂ ಹನ್ನೆರಡು ಕಾರ್ಡುಗಳಿರುತ್ತಿದ್ದವು. ಇಸ್ಪೀಟಿನ ಎಲೆಗಿಂತ ಸ್ವಲ್ಪ ದೊಡ್ಡವು, ಲ್ಯಾಮಿನೇಟ್ ಮಾಡಿಸಿದವು. ಒಂದೊಂದರ ಮೇಲೂ ದಪ್ಪ ಅಕ್ಷರದಲ್ಲಿ ಒಂದೊಂದು ಮಾತು: ನಿಜ ಹೇಳುವುದು, ಮನೆಯವರ ಕ್ಷೇಮ, ನಾಲ್ಕು ಜನರಲ್ಲಿ ಮರ್ಯಾದೆ, ಯಾರ ಹಂಗೂ ಇಲ್ಲದೆ ಬದುಕುವುದು, ದೊಡ್ಡವರ ಮಾತು ಕೇಳುವುದು, ಹೀಗೆ. ಬೊಮ್ಮಸಂದ್ರದಲ್ಲೋ ಜಿಗಣಿಯಲ್ಲೋ ಯಾರದಾದರೂ ಮನೆಗೆ ಹೋಗಿ, ಚಾಪೆಯ ಮೇಲೆ ಆ ಹನ್ನೆರಡನ್ನೂ ಹರಡಿ, ನಿಮಗೆ ಯಾವುದು ಎಲ್ಲಕ್ಕಿಂತ ಮುಖ್ಯವೋ ಅದನ್ನು ಮೊದಲು ಇಡಿ, ಆಮೇಲೆ ಉಳಿದವನ್ನು ಒಂದರ ಕೆಳಗೆ ಒಂದು ಇಡುತ್ತ ಬನ್ನಿ ಎಂದು ಹೇಳಿ ಸುಮ್ಮನೆ ಕೂರುವುದು ನನ್ನ ಕೆಲಸ. ಸುಮ್ಮನೆ ಎಂದರೆ ನಿಜವಾಗಿಯೂ ಸುಮ್ಮನೆ. ತಲೆಯಾಡಿಸುವಂತಿಲ್ಲ, ಹುಬ್ಬೇರಿಸುವಂತಿಲ್ಲ, ಕಾಫಿ ಕೊಟ್ಟರೆ ಕುಡಿಯುವಂತಿಲ್ಲ. ಕುಡಿದರೆ ಅವರು ನಮ್ಮನ್ನು ನೆಂಟರೆಂದು ಬಗೆದು ನೆಂಟರಿಗೆ ಹೇಳುವ ಉತ್ತರವನ್ನೇ ಹೇಳುತ್ತಾರಂತೆ.

ಹೊಸೂರು ರಸ್ತೆಗೆ ಮೇಲ್ಸೇತುವೆ ಬಂದ ಹೊಸತು ಅದು. ಬೇರೆ ಕಡೆಯಿಂದ ಬಂದು ಈ ಕಾರ್ಖಾನೆಗಳ ಸುತ್ತ ನೆಲೆಸಿದವರ ಜೀವನಮೌಲ್ಯಗಳೇನು ಎಂದು ಒಂದು ಸಂಶೋಧನಾ ಸಂಸ್ಥೆ ಅಧ್ಯಯನಕ್ಕೆ ಹೊರಟಿತ್ತು. ಬೊಮ್ಮನಹಳ್ಳಿಯಲ್ಲಿ ಬೇಕರಿಯೊಂದರ ಮೇಲಿನ ಮಹಡಿ ನಮ್ಮ ಆಫೀಸು. ಮನೆಮನೆಗೆ ಹೋಗುವ ಸಂದರ್ಶಕರು ಎಂಟು ಜನ. ಏಳು ಜನ ಆಗತಾನೆ ಎಂ.ಎ. ಮುಗಿಸಿದ ಹುಡುಗ ಹುಡುಗಿಯರು. ಎಂಟನೆಯವಳು ನಾನು, ಮೂವತ್ತೇಳು ವರ್ಷದವಳು. ದಾವಣಗೆರೆ ಕಡೆಯ ಖಾಸಗಿ ಕಾಲೇಜುಗಳಲ್ಲಿ ಹನ್ನೊಂದು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದು, ಆ ಅತಿಥಿ ಪಟ್ಟ ಸಾಕಾಗಿ ಇಲ್ಲಿಗೆ ಬಂದಿದ್ದೆ. ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಹಬ್ಬಕ್ಕೆ ಹೋಗುವ ಅಭ್ಯಾಸವೂ ತಪ್ಪಿತ್ತು. ಮುಂದಿನ ವರ್ಷ ಅಧ್ಯಯನದ ಎರಡನೆಯ ಸುತ್ತು ಶುರುವಾಗುವುದಿತ್ತು, ಅದಕ್ಕೆ ಒಬ್ಬರನ್ನು ಮೂರು ವರ್ಷದ ಮಟ್ಟಿಗೆ ಸಂಶೋಧನಾ ಸಹಾಯಕಿಯಾಗಿ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಆ ಒಬ್ಬರು ನಾನೇ ಆಗಬೇಕೆಂಬುದು ನನ್ನ ಆಸೆ. ಆಸೆ ಎಂದರೆ ಕಡಿಮೆಯಾಯಿತು. ಬೇರೆ ದಾರಿ ನನಗೆ ಕಾಣುತ್ತಿರಲಿಲ್ಲ.

ಅಧ್ಯಯನದ ಮುಖ್ಯಸ್ಥೆಯನ್ನು ನಾವು ಮೇಡಂ ಎನ್ನುತ್ತಿದ್ದೆವು. ಒಂದು ವಾರ ತರಬೇತಿ ಕೊಟ್ಟರು. ಮೌಲ್ಯ ಎಂದರೆ ನಮಗೆ ಬೇಕಾದದ್ದಲ್ಲ, ಬೇಕಾಗಬೇಕು ಎಂದು ನಾವು ನಂಬಿಕೊಂಡದ್ದು ಎಂಬುದು ಅವರ ಮೊದಲ ಪಾಠ. ಸಿಹಿ ತಿನ್ನಬೇಕೆನ್ನಿಸುವುದು ಬಯಕೆ, ಸಿಹಿಯನ್ನು ಹಂಚಿ ತಿನ್ನಬೇಕು ಎನ್ನಿಸುವುದು ಮೌಲ್ಯ. ಎರಡನೆಯ ಪಾಠ, ಮೌಲ್ಯ ಯಾವತ್ತೂ ಒಂಟಿಯಾಗಿರುವುದಿಲ್ಲ. ನಿಜ ಹೇಳಬೇಕು ಎಂದು ಒಪ್ಪದವರು ಯಾರಿದ್ದಾರೆ? ಯಾವುದಕ್ಕಿಂತ ಅದು ಹೆಚ್ಚು, ಯಾವುದಕ್ಕಿಂತ ಕಡಿಮೆ ಎಂದು ಕೇಳಿದಾಗ ಮಾತ್ರ ಮನುಷ್ಯ ಬೇರೆಯಾಗಿ ಕಾಣುತ್ತಾನೆ, ಅದಕ್ಕೇ ಈ ಕಾರ್ಡುಗಳು. ತರಬೇತಿಗೆ ಬಂದಿದ್ದ ಒಬ್ಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಇದನ್ನೆಲ್ಲ ಕೇಳಿ, ಬಾಯಿಮಾತಿಗೆ ಬೆಲೆಯಿಲ್ಲ, ಯಾವುದನ್ನು ಉಳಿಸಿಕೊಳ್ಳಲು ಯಾವುದನ್ನು ಬಿಟ್ಟುಕೊಡುತ್ತಾರೆ ನೋಡಿ ಎಂದರು. ಮಾನವಶಾಸ್ತ್ರದ ಇನ್ನೊಬ್ಬರು, ಕೇಳಲೂ ಬೇಡಿ, ಒಂದು ವರ್ಷ ಅವರ ಜೊತೆಯಲ್ಲಿ ಇದ್ದುಬಿಡಿ ಎಂದರು. ಮೂರೂ ಜನ ಊಟದ ಹೊತ್ತಿನವರೆಗೆ ವಾದ ಮಾಡಿದರು. ನಾನು ಎಲ್ಲವನ್ನೂ ಬರೆದುಕೊಂಡೆ. ಪಾಠ ಬರೆದುಕೊಳ್ಳುವುದು ನನ್ನ ಹಳೆಯ ಚಟ.

ತರಬೇತಿಯ ಕೊನೆಗೆ ಪ್ರತಿಯೊಬ್ಬರೂ ಪರಿಚಯದ ಯಾರಾದರೊಬ್ಬರ ಮೇಲೆ ಒಂದು ಅಭ್ಯಾಸದ ಸಂದರ್ಶನ ಮಾಡಿ ತರಬೇಕಿತ್ತು. ಉಳಿದವರಿಗೆ ಸ್ನೇಹಿತರಿದ್ದರು. ನಾನು ಪಕ್ಕದ ಕೋಣೆಯವಳ ಹತ್ತಿರ ಹೋದೆ.

ನಾನಿದ್ದದ್ದು ಬೊಮ್ಮಸಂದ್ರದ ಹಿಂಭಾಗದಲ್ಲಿ, ಒಂದೇ ಸಾಲಿನ ಎಂಟು ಶೀಟ್ ಮನೆಗಳ ವಠಾರದಲ್ಲಿ. ಪಕ್ಕದವಳು ಯಾದಗಿರಿ ಕಡೆಯವಳು, ಔಷಧ ಕಾರ್ಖಾನೆಯಲ್ಲಿ ಮಾತ್ರೆಯ ಪಟ್ಟಿಗಳನ್ನು ಡಬ್ಬಿಗೆ ತುಂಬುವ ಕೆಲಸ. ಗಂಡ ಕಟ್ಟಡ ಕೆಲಸದವನು, ಇಬ್ಬರು ಮಕ್ಕಳು. ನನಗಿಂತ ಏಳೆಂಟು ವರ್ಷ ಚಿಕ್ಕವಳು. ನಮ್ಮಿಬ್ಬರಿಗೂ ನಲ್ಲಿಯ ಹತ್ತಿರ ನೀರು ಬಂತೇ, ಬರಲಿಲ್ಲವೇ ಎನ್ನುವಷ್ಟು ಮಾತು ಮಾತ್ರ ಇತ್ತು. ಸಂದರ್ಶನಕ್ಕೆಂದು ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಕಾರ್ಡು ಹರಡಿದಾಗ ಅವಳು ಒಂದು ಕ್ಷಣವೂ ಯೋಚಿಸದೆ 'ನಿಜ ಹೇಳುವುದು' ಎಂಬುದನ್ನು ಎತ್ತಿ ಎಲ್ಲಕ್ಕಿಂತ ಮೇಲೆ ಇಟ್ಟಳು. ಅದೇ ಸಂಜೆ ಮನೆ ಮಾಲೀಕರು ಬಂದರು. ಒಂದು ಮನೆಯಲ್ಲಿ ನಾಲ್ಕು ಜನಕ್ಕಿಂತ ಹೆಚ್ಚು ಇರಬಾರದೆಂದು ಅವರ ಕಾನೂನು. ಊರಿನಿಂದ ಅಣ್ಣನ ಸಂಸಾರ ಬಂದಿದೆಯಂತಲ್ಲ ಎಂದು ಕೇಳಿದ್ದಕ್ಕೆ ಅವಳು ಯಾರೂ ಇಲ್ಲ ಎಂದಳು. ಅಣ್ಣ, ಅತ್ತಿಗೆ, ಅವರ ಕೂಸು ಮೂವರೂ ಒಳಗೆ ಉಸಿರು ಬಿಗಿಹಿಡಿದು ಕೂತಿದ್ದರು. ನಾನು ನನ್ನ ಕಿಟಕಿಯಿಂದ ನೋಡುತ್ತಿದ್ದೆ.

ಮರುದಿನ ಈ ಸಂಗತಿಯನ್ನು ತರಬೇತಿಯಲ್ಲಿ ರಸವತ್ತಾಗಿ ಹೇಳಿದೆ. ಬೆಳಿಗ್ಗೆ ಕಾರ್ಡಿನಲ್ಲಿ ಹರಿಶ್ಚಂದ್ರ, ಸಂಜೆ ಬಾಗಿಲಲ್ಲಿ ಹಸಿ ಸುಳ್ಳು ಎಂದೆ. ಎಲ್ಲರೂ ನಕ್ಕರು. ಮೇಡಂ ಕೂಡ ಒಳ್ಳೆಯ ಗಮನಿಕೆ ಎಂದರು. ಎಷ್ಟೋ ದಿನಗಳ ಮೇಲೆ ನನ್ನ ಮಾತಿಗೆ ಒಂದು ಕೋಣೆ ತುಂಬ ಜನ ನಕ್ಕಿದ್ದರು, ಆ ಖುಷಿಯಲ್ಲಿ ಎರಡು ದಿನ ಕಳೆದೆ.

ಕೆಲಸ ಶುರುವಾಯಿತು. ಯಾವ ಮನೆಗೆ ಹೋಗಬೇಕೆಂಬುದು ನಮ್ಮ ಆಯ್ಕೆಯಲ್ಲ. ಒಂದು ನಕ್ಷೆ ಕೊಡುತ್ತಿದ್ದರು. ಅದರಲ್ಲಿ ಗುರುತು ಹಾಕಿದ ಮೂಲೆಯಿಂದ ಹೊರಟು, ಎಡಗೈ ಸಾಲಿನ ಬಾಗಿಲುಗಳನ್ನು ಎಣಿಸುತ್ತ ಹೋಗಿ, ಪ್ರತಿ ಏಳನೆಯ ಬಾಗಿಲು ತಟ್ಟಬೇಕು. ನಾಯಿಯಿದ್ದರೂ ಬಿಡಬಾರದು, ಒಳಗೆ ಗಂಡ ಹೆಂಡಿರ ಜಗಳ ನಡೆಯುತ್ತಿದ್ದರೂ ಬಿಡಬಾರದು. ಬೀಗವಿದ್ದರೆ ಮೂರು ಸಲ ಬರಬೇಕು. ನಮಗೆ ಇಷ್ಟವಾದ ಬಾಗಿಲನ್ನೇ ತಟ್ಟುತ್ತ ಹೋದರೆ ನಮ್ಮಂಥವರೇ ಸಿಗುತ್ತಾರೆ, ಆಗ ಇದು ಸಮಾಜದ ಅಧ್ಯಯನವಾಗುವುದಿಲ್ಲ, ನಿಮ್ಮ ಬಳಗದ ಅಧ್ಯಯನವಾಗುತ್ತದೆ ಎನ್ನುತ್ತಿದ್ದರು ಮೇಡಂ. ನನಗೆ ಬಳಗವೇ ಇಲ್ಲದ್ದರಿಂದ ಆ ಅಪಾಯವಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೂರು ತಿಂಗಳು ಹೀಗೆ ಎಣಿಸುತ್ತ ನಡೆದೆ. ಜಿಗಣಿಯಲ್ಲಿ ಗ್ರಾನೈಟ್ ಪಾಲಿಶ್ ಮಾಡುವ ಒಬ್ಬರು, ಅಕ್ಷರ ಇರುವ ಕಾಗದ ಎಂದು, ಕೈಕಾಲು ತೊಳೆದುಕೊಂಡು ಬಂದು ಕಾರ್ಡು ಮುಟ್ಟಿದರು. ಓದಲು ಅವರಿಗೆ ಬರುತ್ತಿರಲಿಲ್ಲ, ನಾನೇ ಓದಿ ಹೇಳಬೇಕಾಯಿತು. ಒಬ್ಬ ಪ್ರೆಸ್ ಆಪರೇಟರ್ ಯಾವ ಕಾರ್ಡನ್ನೂ ಕೊನೆಯಲ್ಲಿಡಲು ಒಪ್ಪಲಿಲ್ಲ. ಕೊನೇಲಿಟ್ಟರೆ ಅದು ಬೇಡ ಅಂದಂಗಾಯ್ತದಲ್ಲ ಮೇಡಂ ಎಂದು ಹನ್ನೆರಡನ್ನೂ ದುಂಡಗೆ ಜೋಡಿಸಿ ಕೊಟ್ಟ. ದುಂಡಗಿನ ಉತ್ತರವನ್ನು ಬರೆಯಲು ನಮ್ಮ ಫಾರಂನಲ್ಲಿ ಜಾಗವಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟೊಂದರಲ್ಲಿ, ಗುಲಬರ್ಗಾ ಕಡೆಯ ಲಿಂಗಾಯತರ ಮನೆಯಲ್ಲಿ, ಹೆಂಡತಿ ಕಷ್ಟಪಟ್ಟು ಜೋಡಿಸಿ ಮುಗಿಸಿದ ಮೇಲೆ ಒಳಗಿನಿಂದ ಬಂದ ಗಂಡ ಬಗ್ಗಿ ನೋಡಿ, 'ದೇವರಲ್ಲಿ ಭಕ್ತಿ'ಯನ್ನು ಐದರಿಂದ ಎರಡನೆಯ ಜಾಗಕ್ಕೆ ಏರಿಸಿ ಏನೂ ಆಗದವರಂತೆ ಒಳಗೆ ಹೋದರು. ಆಕೆ ನನ್ನ ಮುಖ ನೋಡಿದರು. ನಾನು ನಿಯಮದ ಪ್ರಕಾರ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ವಾರಕ್ಕೆ ಐದಾರು ಜನ ತಮ್ಮ ಬದುಕಿನಲ್ಲಿ ಯಾವುದು ಮುಖ್ಯವೆಂದು ನನಗೆ ಹೇಳುತ್ತಿದ್ದರು. ಕೆಲವರು ಅತ್ತರು. ಫಾರಂ ಮಡಚಿ ಧನ್ಯವಾದ ಹೇಳಿ ನಾನು ಹೊರಡುತ್ತಿದ್ದೆ. ಕೋಣೆಗೆ ಬಂದು ಅನ್ನಕ್ಕಿಟ್ಟು, ರೇಡಿಯೋ ಹಾಕಿಕೊಂಡು ಉಣ್ಣುತ್ತಿದ್ದೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಒಮ್ಮೊಮ್ಮೆ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಸೋಮವಾರ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಗಂಟಲು ಹಿಡಿದಂತಾಗಿ ಕಂಡಕ್ಟರ್ ಎರಡು ಸಲ ಕೇಳುತ್ತಿದ್ದರು. ಒಂಟಿತನ ಒಂದು ದೊಡ್ಡ ದುಃಖವಾಗಿ ಬರುತ್ತದೆಂದು ನಾನು ಅಂದುಕೊಂಡಿದ್ದೆ. ಹಾಗೇನೂ ಅಲ್ಲ, ಅದು ಇಂಥ ಸಣ್ಣ ತೊಂದರೆಗಳಾಗಿಯೇ ಬರುವುದು.

ಕೊನೆಯ ನಕ್ಷೆಯಲ್ಲಿ ಗುರುತು ಹಾಕಿದ ಮೂಲೆ ನಮ್ಮ ಬೀದಿಯ ತುದಿಯ ಪಂಕ್ಚರ್ ಅಂಗಡಿಯಾಗಿತ್ತು. ಅರವತ್ತೊಂದು ಫಾರಂ ಮುಗಿದಿದ್ದವು, ಉಳಿದದ್ದು ಒಂದು. ಭಾನುವಾರ ಮಧ್ಯಾಹ್ನ ಅಲ್ಲಿಂದ ಎಣಿಸುತ್ತ ಬಂದೆ. ಅಂಗಡಿಗಳನ್ನು ಬಿಟ್ಟು ಒಂದು, ಎರಡು. ವಠಾರದೊಳಗೆ ಬಂದೆ. ಮೂರು, ನಾಲ್ಕು, ಐದು. ಆರನೆಯದು ಪಕ್ಕದವಳ ಬಾಗಿಲು. ಏಳನೆಯದು ನನ್ನದು.

ಮತ್ತೆ ಅಂಗಡಿಯವರೆಗೆ ಹೋಗಿ ಎಣಿಸಿಕೊಂಡು ಬಂದೆ. ಲೆಕ್ಕ ತಪ್ಪಿರಲಿಲ್ಲ. ಸಂದರ್ಶಕರ ಸ್ವಂತ ಬಾಗಿಲು ಬಂದರೆ ಏನು ಮಾಡಬೇಕೆಂದು ಕೈಪಿಡಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಮೇಡಂಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಿದ್ದರೆ ಅವರು ನಕ್ಕು, ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ ಎನ್ನುತ್ತಿದ್ದರು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಅರವತ್ತೊಂದು ಜನರನ್ನು ಕೇಳಿದ ಪ್ರಶ್ನೆಯನ್ನು ನನ್ನನ್ನೂ ಯಾರಾದರೂ ಕೇಳಲಿ ಎಂದು ಒಳಗೊಳಗೇ ಆಸೆಯಿತ್ತು. ಕೇಳುವವರು ಬೇರೆ ಯಾರೂ ಇರಲಿಲ್ಲ. ಬೀಗ ತೆಗೆದು ಒಳಗೆ ಹೋಗಿ ಚಾಪೆ ಹಾಸಿ ಕೂತೆ.

ಗುರುತು ಸಿಗಬಾರದೆಂದು ನಮ್ಮ ಫಾರಂನಲ್ಲಿ ಪೂರ್ತಿ ಹೆಸರು ಬರೆಯುತ್ತಿರಲಿಲ್ಲ, ಮನೆಯಲ್ಲಿ ಕರೆಯುವ ಹೆಸರಷ್ಟೇ. ಅಮ್ಮ ಕರೆಯುತ್ತಿದ್ದ ಹೆಸರು ಬರೆದೆ. ಬೆಂಗಳೂರಿನಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿರುವವರ ಸಂಖ್ಯೆ ಒಂದು. ಕೆಲಸ ಖಾಸಗಿ. ಕಾರ್ಡುಗಳನ್ನು ಜೋಡಿಸಲು ಬೇರೆಯವರಿಗೆ ಹತ್ತು ನಿಮಿಷ ಸಾಕಾಗುತ್ತಿತ್ತು, ನನಗೆ ಒಂದು ಗಂಟೆ ಹಿಡಿಯಿತು. ಕೊನೆಗೆ 'ಯಾರ ಹಂಗೂ ಇಲ್ಲದೆ ಬದುಕುವುದು' ಮೊದಲನೆಯ ಜಾಗಕ್ಕೆ ಬಂತು. ಅದನ್ನು ಕೆಳಗಿಳಿಸಿ ಬೇರೆಯದನ್ನು ಇಟ್ಟು ನೋಡಿದೆ. ಮನಸ್ಸು ಒಪ್ಪಲಿಲ್ಲ, ಅದೇ ಮೇಲೆ ಬಂತು. ಫಾರಂನ ಕೊನೆಯ ಪ್ರಶ್ನೆ, ನಿಮಗೆ ಕಷ್ಟ ಬಂದರೆ ಈ ಊರಿನಲ್ಲಿ ಯಾರ ಬಾಗಿಲು ತಟ್ಟುತ್ತೀರಿ ಎಂಬುದು. ಜನ ಸಾಮಾನ್ಯವಾಗಿ ಭಾವ, ಊರಿನವರು, ಸೂಪರ್‌ವೈಸರ್ ಎಂದೆಲ್ಲ ಹೇಳುತ್ತಿದ್ದರು. ನಾನು 'ಯಾರೂ ಇಲ್ಲ' ಎಂದು ಬರೆದೆ. ಬರೆಯುವಾಗ ದುಃಖವೇನೂ ಆಗಲಿಲ್ಲ. ಅದು ನನ್ನ ಮೊದಲ ಕಾರ್ಡಿಗೆ ಸರಿಯಾಗಿ ಹೊಂದುವ ಉತ್ತರ ಎಂದು ಒಂದು ರೀತಿಯ ಸಮಾಧಾನವೇ ಆಯಿತು. ಸಂದರ್ಶಕಿ ಎಂಬಲ್ಲಿ ಸಹಿ ಹಾಕಿ ಸೋಮವಾರ ಕಟ್ಟಿನ ಜೊತೆ ಕೊಟ್ಟುಬಿಟ್ಟೆ.

ಇಂಥ ಕೆಲಸದಲ್ಲಿ ಬ್ಯಾಕ್‌ಚೆಕ್ ಎಂದೊಂದು ಪದ್ಧತಿಯಿದೆ. ಪ್ರತಿಯೊಬ್ಬರ ಕಟ್ಟಿನಿಂದ ಕೆಲವು ಫಾರಂಗಳನ್ನು ತೆಗೆದು, ಬೇರೆಯವರು ಆ ಮನೆಗಳಿಗೆ ಹೋಗಿ, ಸಂದರ್ಶನ ನಿಜವಾಗಿ ನಡೆಯಿತೇ ಎಂದು ವಿಚಾರಿಸಿ, ಎರಡು ಮೂರು ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಮನೆಗೇ ಹೋಗದೆ ಹೋಟೆಲಿನಲ್ಲಿ ಕೂತು ಫಾರಂ ತುಂಬುವವರು ಇರುತ್ತಾರಲ್ಲ, ಅವರನ್ನು ಹಿಡಿಯಲು. ಒಂದು ಫಾರಂ ಸುಳ್ಳೆಂದು ತಿಳಿದರೂ ಆ ಸಂದರ್ಶಕರ ಇಡೀ ಕಟ್ಟು ರದ್ದು. ನಮ್ಮ ಬ್ಯಾಕ್‌ಚೆಕ್ ಮಾಡಲು ಒಬ್ಬರು ನಿವೃತ್ತ ಮೇಷ್ಟರನ್ನು ಗೊತ್ತುಮಾಡಿದ್ದರು. ನನ್ನ ಕಟ್ಟಿನಿಂದ ಅವರ ಕೈಗೆ ಹೋದ ಆರರಲ್ಲಿ ನನ್ನದೂ ಒಂದು. ಅರ್ಜಿಯ ಜೊತೆ ಕೊಟ್ಟ ಗುರುತಿನ ಚೀಟಿಯಲ್ಲಿದ್ದ ಹಳೆಯ ಪಿ.ಜಿ. ವಿಳಾಸವೇ ಆಫೀಸಿನ ಪುಸ್ತಕದಲ್ಲೂ ಇದ್ದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಶನಿವಾರದ ಸಭೆಯಲ್ಲಿ ಎಲ್ಲರ ಮುಂದೆ ಮೇಡಂ ವರದಿ ಓದಿದರು. ನನ್ನ ಐದು ಸರಿಯಾಗಿದ್ದವು. ಆರನೆಯದರ ಬಗ್ಗೆ ಮೇಷ್ಟರು ಬರೆದದ್ದು ಹೀಗಿತ್ತು: ಬಾಗಿಲಿಗೆ ಬೀಗ. ನೆರೆಮನೆಯ ಹೆಂಗಸನ್ನು ವಿಚಾರಿಸಲಾಗಿ, ಅಂಥವರು ಯಾರೂ ಇಲ್ಲ, ಆ ಕೋಣೆಯಲ್ಲಿ ಯಾರೂ ವಾಸವಿಲ್ಲ ಎಂದು ತಿಳಿಸಿದರು.

ಏಳು ಜನ ನನ್ನ ಕಡೆ ನೋಡಿದರು. ಅದು ನಾನೇ ಎಂದು ಹೇಳಿದ್ದರೆ ಆಗಲೇ ಮುಗಿಯುತ್ತಿತ್ತು. ಹೇಳಲಾಗಲಿಲ್ಲ. ಮೇಡಂ ಕೈಯಲ್ಲಿ ಫಾರಂ ತೆರೆದೇ ಇತ್ತು. ಮನೆಯಲ್ಲಿರುವವರು ಒಂದು, ಬಾಗಿಲು ತಟ್ಟಲು ಯಾರೂ ಇಲ್ಲ. ಅದು ಯಾರೋ ಒಬ್ಬ ಹೆಂಗಸಿನ ಉತ್ತರವಾಗಿದ್ದಾಗ ನನಗೆ ನಾಚಿಕೆಯಿರಲಿಲ್ಲ. ಆ ಹುಡುಗ ಹುಡುಗಿಯರು ಅದನ್ನು ನನ್ನದೆಂದು ಓದುತ್ತಾರೆ, ಆಮೇಲೆ ಊಟಕ್ಕೆ ಕೂತಾಗ ಪಾಪ ಎಂದು ನನಗೆ ಜಾಗ ಬಿಡುತ್ತಾರೆ ಎನ್ನಿಸಿತು. ಬಾಗಿಲಿನ ಗುರುತು ತಪ್ಪಾಗಿ ಬರೆದಿರಬೇಕು ಎಂದೆ. ಸೋಮವಾರದೊಳಗೆ ಲಿಖಿತ ವಿವರಣೆ ಕೊಡಿ, ಇಲ್ಲದಿದ್ದರೆ ಅರವತ್ತೆರಡನ್ನೂ ಬದಿಗಿಡಬೇಕಾಗುತ್ತದೆ ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. ನನ್ನ ಮೇಲೆ ಅವರಿಗೆ ನಂಬಿಕೆಯಿತ್ತು.

ಬಸ್ಸಿನಲ್ಲಿ ಬರುವಾಗ ಕೆಲಸದ ಯೋಚನೆಗಿಂತ ಇನ್ನೊಂದು ಮಾತೇ ಕೊರೆಯುತ್ತಿತ್ತು. ಆ ಕೋಣೆಯಲ್ಲಿ ಯಾರೂ ವಾಸವಿಲ್ಲ. ಒಂದೂವರೆ ವರ್ಷದಿಂದ ಗೋಡೆಗೆ ಗೋಡೆ ಅಂಟಿಸಿಕೊಂಡು ಇದ್ದೇನೆ, ನನ್ನ ಒಗ್ಗರಣೆಯ ವಾಸನೆ ಅವಳಿಗೆ ಹೋಗುತ್ತದೆ, ಅವಳ ಮಕ್ಕಳ ಮಗ್ಗಿ ನನಗೆ ಬಾಯಿಪಾಠವಾಗಿದೆ. ಅಷ್ಟಾದರೂ ನಾನು ಅವಳ ಲೆಕ್ಕದಲ್ಲಿ ಇಲ್ಲ. ಬೇರೆ ಯಾರು ನನ್ನನ್ನು ಮರೆತಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ ಎಂದು ಆಗ ತಿಳಿಯಿತು, ಅದು ಇನ್ನಷ್ಟು ಸಿಟ್ಟು ತರಿಸಿತು.

ಭಾನುವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಅವಳು ಕೊಡ ಹಿಡಿದು ನಿಂತಿದ್ದಳು. ಮೊನ್ನೆ ಒಬ್ಬರು ವಯಸ್ಸಾದವರು ಬಂದು ನನ್ನ ಬಗ್ಗೆ ಕೇಳಿದರಂತೆ, ಯಾರೂ ಇಲ್ಲ ಅಂದಿರಂತೆ ಎಂದು ನೇರವಾಗಿಯೇ ಕೇಳಿದೆ. ದನಿ ಗಡುಸಾಗಿತ್ತು. ಅವಳು ಮುಚ್ಚಿಡಲಿಲ್ಲ.

"ಹೌದ್ರಿ, ನಾನ ಅಂದೆ. ಕೈಯಾಗ ಫೈಲ್ ಹಿಡ್ಕೊಂಡು ಬಂದಿದ್ದ. ಯಾವುದೋ ಹೆಸರ ಹೇಳಿದ, ಒಬ್ಬಾಕೀನ ಇರ್ತಾಳೇನು, ಎಷ್ಟೊತ್ತಿಗೆ ಬರ್ತಾಳ ಅಂತ ಕೇಳಿದ. ನೀವ ಇರಬೇಕು ಅನ್ಸಿತು. ಅದಕ್ಕ ಯಾರೂ ಇಲ್ಲ, ಖಾಲಿ ಐತಿ ಅಂದೆ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅಥವಾ ಅರ್ಥವಾದದ್ದನ್ನು ಒಪ್ಪಲು ಸಿಟ್ಟು ಬಿಡಲಿಲ್ಲ. ಆ ದಿನ ಕಾರ್ಡು ಜೋಡಿಸುವಾಗ ನಿಜ ಹೇಳುವುದೇ ಎಲ್ಲಕ್ಕಿಂತ ದೊಡ್ಡದು ಎಂದು ಇಟ್ಟಿರಲ್ಲ ಎಂದೆ. ಪರೀಕ್ಷೆಯಲ್ಲಿ ನಕಲು ಹಿಡಿದ ಮೇಷ್ಟರ ಹಾಗೆ ಹೇಳಿದೆ.

ಅವಳು ಕೊಡವನ್ನು ನಲ್ಲಿಯ ಕೆಳಗಿಟ್ಟು ನನ್ನನ್ನು ನೋಡಿದಳು. "ನಿಜ ನಮ್ಮವರಿಗೆ ಹೇಳೂದ್ರಿ ಅಕ್ಕಾರ. ಯಾರೋ ಗೊತ್ತಿಲ್ಲದ ಗಂಡಸಿಗೆ, ಒಬ್ಬಾಕಿ ಹೆಣಮಗಳ ಮನಿ ಇದ ನೋಡು ಅಂತ ತೋರ್ಸೂದು ಯಾವ ನಿಜಾರೀ?"

ಆಮೇಲೆ ನನಗೆ ತೊಂದರೆಯೇನಾದರೂ ಆಯಿತೇ ಎಂದು ಕೇಳಿದಳು. ಇಲ್ಲ ಎಂದೆ. ವಠಾರದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರಂತೆ, ಮೂಲೆಮನೆಯ ಹುಡುಗಿಯರನ್ನು ಕೇಳಿಕೊಂಡು ಯಾರು ಬಂದರೂ ಇಲ್ಲವೆಂದೇ ಹೇಳುವುದಂತೆ, ಬೇಕಾದವರಾದರೆ ಅವರೇ ಫೋನ್ ಮಾಡಿಕೊಳ್ಳುತ್ತಾರೆ ಎಂದಳು. ಕೊಡ ತುಂಬಿತು. ಅದನ್ನು ಸೊಂಟಕ್ಕೇರಿಸಿಕೊಂಡು ಹೊರಟವಳು ನಿಂತು, "ನಿಮ್ಮ ಹೆಸರರೇ ನನಗ ಎಲ್ಲಿ ಗೊತ್ತೈತ್ರಿ? ನೀವು ಎಂದೂ ಹೇಳೇ ಇಲ್ಲ" ಎಂದಳು. ದೂರಿನ ದನಿಯಲ್ಲ, ಇದ್ದದ್ದನ್ನು ಹೇಳಿದ ಹಾಗಿತ್ತು.

ಅವಳ ಹೆಸರು, ವಯಸ್ಸು, ಜಾತಿ, ಓದಿದ ಕ್ಲಾಸು, ಊರು ಬಿಟ್ಟ ಕಾರಣ, ಹನ್ನೆರಡು ಮೌಲ್ಯಗಳನ್ನು ಅವಳು ಜೋಡಿಸಿದ ಕ್ರಮ, ಎಲ್ಲ ನನ್ನ ಹತ್ತಿರ ಬರಹದಲ್ಲಿತ್ತು. ನಾನು ನನ್ನ ಹೆಸರನ್ನೂ ಕೊಟ್ಟಿರಲಿಲ್ಲ. ಅವಳ ಸುಳ್ಳನ್ನು ಬೊಮ್ಮನಹಳ್ಳಿಯವರೆಗೆ ಹೊತ್ತುಕೊಂಡು ಹೋಗಿ ಎಂಟು ಜನರನ್ನು ನಗಿಸಿದ್ದೆ. ಅವತ್ತು ಅವಳು ಬಾಗಿಲಲ್ಲಿ ನಿಂತು ಹೇಳಿದ್ದೂ ಇದೇ ಸುಳ್ಳು, ಒಳಗಿದ್ದವರನ್ನು ಉಳಿಸಲು. ಎರಡು ಮೌಲ್ಯಗಳು ಒಂದೇ ಬಾಗಿಲಿಗೆ ಬಂದು ನಿಂತಾಗ ಯಾವುದಕ್ಕೆ ದಾರಿ ಬಿಡುತ್ತಾರೆ ಎಂಬುದೇ ನಮ್ಮ ಅಧ್ಯಯನದ ವಿಷಯವಾಗಿತ್ತು. ಅದು ಕಣ್ಣ ಮುಂದೆಯೇ ನಡೆದಾಗ ನಾನು ಅದಕ್ಕೆ ಬೂಟಾಟಿಕೆ ಎಂದು ಹೆಸರಿಟ್ಟಿದ್ದೆ. ಮಾನವಶಾಸ್ತ್ರದವರು ಒಂದು ವರ್ಷ ಜೊತೆಯಲ್ಲಿರಿ ಎಂದಿದ್ದರು. ಒಂದೂವರೆ ವರ್ಷ ಇದ್ದೂ ನಾನು ನೋಡಿರಲಿಲ್ಲ.

ಸೋಮವಾರ ವಿವರಣೆಯಲ್ಲಿ ಎರಡೇ ಸಾಲು ಬರೆದೆ: ಎಣಿಕೆಯಲ್ಲಿ ಬಂದ ಏಳನೆಯ ಬಾಗಿಲು ನನ್ನದೇ. ಉತ್ತರ ಕೊಟ್ಟವಳೂ ನಾನೇ. ಮೇಡಂ ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಫಾರಂ ತರಿಸಿ, ಮತ್ತೆ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಕೊನೆಯ ಪುಟದಲ್ಲಿ ಅವರ ಕಣ್ಣು ತುಸು ಹೊತ್ತು ನಿಂತಿತು. ಬೈಯಲಿಲ್ಲ. ಎಣಿಕೆ ಸರಿಯಾಗಿದೆ, ಕೈಪಿಡಿಯಲ್ಲಿ ನಿಷೇಧವಿಲ್ಲ, ಸಂದರ್ಶನ ನಡೆದದ್ದೂ ನಿಜ, ಆದ್ದರಿಂದ ಬ್ಯಾಕ್‌ಚೆಕ್ ಇಲ್ಲೇ ನಾನೇ ಮಾಡಿ ಮುಗಿಸುತ್ತೇನೆ ಎಂದರು. ನನ್ನನ್ನು ಉಳಿಸಲೆಂದೇ ಹಾಗೆ ಹೇಳಿದರು, ಅದು ನನಗೆ ಗೊತ್ತು. ಮೂರು ಪ್ರಶ್ನೆ, ಮೂರೂ ಉತ್ತರ ಫಾರಂಗೆ ಹೊಂದಿದರೆ ಅರವತ್ತೆರಡೂ ಉಳಿಯುತ್ತವೆ, ಒಂದು ತಪ್ಪಿದರೂ ಇಲ್ಲ.

ಮನೆಯಲ್ಲಿ ಎಷ್ಟು ಜನ ಎಂದು ಕೇಳಿದರು. ಒಬ್ಬಳೇ ಎಂದೆ. ಟಿಕ್ ಹಾಕಿದರು. ಬೆಂಗಳೂರಿಗೆ ಬಂದು ಎಷ್ಟು ವರ್ಷ ಎಂದರು, ಎರಡು ಎಂದೆ. ಅದಕ್ಕೂ ಟಿಕ್ ಬಿತ್ತು. ಆಮೇಲೆ ಕೊನೆಯ ಪ್ರಶ್ನೆ. ಅದನ್ನು ಅವರು ಮೆಲ್ಲಗೆ, ನನ್ನ ಮುಖ ನೋಡದೆ ಕೇಳಿದರು.

"ಕಷ್ಟ ಬಂದರೆ ಈ ಊರಿನಲ್ಲಿ ಯಾರ ಬಾಗಿಲು ತಟ್ಟುತ್ತೀರಿ?"

ಯಾರೂ ಇಲ್ಲ ಎಂದರೆ ಸಾಕಿತ್ತು. ಎರಡು ವಾರದ ಹಿಂದೆ ನಾನೇ ಬರೆದದ್ದು, ಆಗ ಅದು ನಿಜವೂ ಆಗಿತ್ತು. ಮೂರು ತಿಂಗಳ ನಡಿಗೆ, ಅಷ್ಟು ಜನ ಕೈತೊಳೆದುಕೊಂಡು ಬಂದು, ಅತ್ತು, ಯೋಚಿಸಿ ಕೊಟ್ಟ ಉತ್ತರಗಳು, ಮುಂದಿನ ಮೂರು ವರ್ಷದ ಕೆಲಸ, ಎಲ್ಲ ಆ ಎರಡು ಶಬ್ದಗಳ ಮೇಲೆ ನಿಂತಿದ್ದವು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೇಳಿದರೆ ಅವಳನ್ನು ನಾನು ಎರಡನೆಯ ಸಲ ಇಲ್ಲವೆಂದಂತಾಗುತ್ತಿತ್ತು, ಈ ಸಲ ಯಾರನ್ನೂ ಕಾಪಾಡಲು ಅಲ್ಲ, ನನ್ನ ಕೆಲಸಕ್ಕಾಗಿ.

"ಪಕ್ಕದ ಮನೆ" ಎಂದೆ.

ಮೇಡಂ ತಲೆಯೆತ್ತಿದರು. ಇನ್ನೊಂದು ಸಲ ಯೋಚಿಸಿ ಹೇಳಿ ಎಂದರು. ಸಂದರ್ಶಕರು ಹಾಗೆ ಹೇಳುವಂತಿಲ್ಲ, ಅದು ಅವರೇ ನಮಗೆ ಕಲಿಸಿದ್ದು. ನಾನು ಅದೇ ಉತ್ತರ ಹೇಳಿದೆ. ಅವರು 'ಹೊಂದಿಕೆಯಾಗಿಲ್ಲ' ಎಂಬಲ್ಲಿ ಗುರುತು ಹಾಕಿದರು. ನನ್ನ ಕಟ್ಟಿಗೆ ಕೆಂಪು ದಾರ ಕಟ್ಟಿ ಬೇರೆ ಬೀರುವಿನಲ್ಲಿ ಇಟ್ಟರು. ಎರಡನೆಯ ಸುತ್ತಿನ ಕೆಲಸ ಇಪ್ಪತ್ನಾಲ್ಕು ವರ್ಷದ ಒಬ್ಬ ಹುಡುಗಿಗೆ ಹೋಯಿತು. ಅವಳು ಜಾಣೆ, ನನಗೆ ಅವಳ ಮೇಲೆ ಸಿಟ್ಟಿಲ್ಲ. ಆದರೆ ಆ ಅರವತ್ತೊಂದು ಜನರಿಗೆ ನಾನು ಅನ್ಯಾಯ ಮಾಡಿದೆ ಎಂಬ ಕಸಿವಿಸಿ ಇನ್ನೂ ಹೋಗಿಲ್ಲ.

ಆ ದಿನ ಮಧ್ಯಾಹ್ನವೇ ಕೋಣೆಗೆ ಬಂದೆ. ಊಟ ಸೇರಲಿಲ್ಲ. ಯಾರಿಗಾದರೂ ಹೇಳಬೇಕೆನ್ನಿಸಿ ಫೋನ್ ಕೈಗೆ ತೆಗೆದುಕೊಂಡು, ಇದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ನೋಡಿ ಹಾಗೆಯೇ ಇಟ್ಟೆ. ಅಷ್ಟು ಗಟ್ಟಿಯಾಗಿ ಪಕ್ಕದ ಮನೆ ಎಂದು ಹೇಳಿ ಬಂದವಳು, ಒಂದೂವರೆ ವರ್ಷದಲ್ಲಿ ಒಮ್ಮೆಯೂ ಆ ಬಾಗಿಲು ತಟ್ಟಿರಲಿಲ್ಲ. ಸಂದರ್ಶನವನ್ನೂ ಹೊರಗಿನ ಕಟ್ಟೆಯಲ್ಲೇ ಮುಗಿಸಿದ್ದೆ. ಕೆಲಸ ಕಳೆದುಕೊಂಡು ಹೇಳಿದ ಉತ್ತರ ನಿಜವೋ ಸುಳ್ಳೋ ಎಂಬುದು ನನಗೇ ಗೊತ್ತಿರಲಿಲ್ಲ.

ಐದೂವರೆಗೆ ಕಂಪನಿ ಬಸ್ಸು ಬಂದ ಸದ್ದಾಯಿತು. ಪಕ್ಕದಲ್ಲಿ ಬೀಗ ತೆಗೆದರು, ಮಕ್ಕಳು ಗಲಾಟೆ ಮಾಡಿದರು, ಸ್ಟೌ ಹತ್ತಿತು. ನಾನು ಎದ್ದು ಮುಖ ತೊಳೆದುಕೊಂಡೆ. ಮತ್ತೆ ಕೂತೆ. ಊರೆಲ್ಲ ಬಾಗಿಲು ತಟ್ಟಿ ಅಭ್ಯಾಸವಿದ್ದವಳಿಗೆ ಆ ಒಂದು ಬಾಗಿಲಿಗೆ ಹೋಗಲು ಕಾಲು ಬರಲಿಲ್ಲ. ಕೊನೆಗೆ ಚೀಲವಿಲ್ಲದೆ, ಬರಿಗೈಯಲ್ಲಿ ಹೋಗಿ ತಟ್ಟಿದೆ.

ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ತೆರೆದಳು. ಏನಾತ್ರಿ ಅಕ್ಕಾರ ಎಂದಳು. ನಾನು ಮೊದಲು ನನ್ನ ಹೆಸರು ಹೇಳಿದೆ, ಅಮ್ಮ ಕರೆಯುತ್ತಿದ್ದದ್ದು. ಆಮೇಲೆ ಕೆಲಸ ಹೋಯಿತು ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು. ಅವಳು ಏಕೆ, ಹೇಗೆ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಕ್ಕಳಿಗೆ ಸರಿದು ಕೂರಲು ಹೇಳಿ ಚಾಪೆಯ ಮೇಲೆ ಜಾಗ ಮಾಡಿದಳು.